ಸರಪಳಿ ಬೆಳ್ಳಿಯಪ್ಪ

ಮಲ್ಲಂದೂರಿನ ಮೇಲಿನ ಗುಡ್ಡದ ಮಗ್ಗುಲಲ್ಲಿ ಬಿದರುಕಾನು ಎಂಬ ಊರಿತ್ತು. ಊರೆಂದರೆ ಹತ್ತು ಹನ್ನೆರಡು ಗುಡಿಸಲು, ನಡುವೆ ಒಂದು ಕಣ, ಹಿಂದೆ ಕಾಡು. ಇವತ್ತು ಆ ಹೆಸರು ಹೇಳಿದರೆ ಅಲ್ಲಿನ ತೋಟದಲ್ಲಿ ಕೆಲಸ ಮಾಡುವವರೂ ಮುಖ ಮುಖ ನೋಡುತ್ತಾರೆ. ಬೆಳ್ಳಿಯಪ್ಪ ಹುಟ್ಟಿದ್ದು ಅಲ್ಲಿ. ಅವನ ಕತೆಯನ್ನು ನನಗೆ ಹೇಳಿದವಳು ಅವನ ಮಗಳು ಸಿದ್ದಮ್ಮ. ಸ್ವಲ್ಪ ಅವಳು ಕಣ್ಣಾರೆ ಕಂಡದ್ದು, ಹೆಚ್ಚಿನದು ತಾಯಿಯ ಬಾಯಿಂದ ಕೇಳಿದ್ದು.

ಆ ಊರಿನಲ್ಲಿ ಅಳತೆಯೇ ಇರಲಿಲ್ಲ ಎಂದಲ್ಲ. ಹೊಲವನ್ನು ಅದರಲ್ಲಿ ಬಿತ್ತುವ ಬೀಜದಿಂದ ಹೇಳುತ್ತಿದ್ದರು: ಎರಡು ಕೊಳಗದ ಹೊಲ, ಮೂರು ಕೊಳಗದ ಹೊಲ. ದೂರವನ್ನು ಗಂಟಲಿನಿಂದ ಹೇಳುತ್ತಿದ್ದರು: ಹಳ್ಳ ಒಂದು ಕೂಗಳತೆ, ಪಕ್ಕದ ಊರು ಮೂರು ಕೂಗಳತೆ. ಸುಗ್ಗಿಯಲ್ಲಿ ರಾಗಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುವರು. ಅಳೆದು ಮುಗಿಯುವ ತನಕ ಕಣದಲ್ಲಿ ಯಾರೂ ಮಾತಾಡಕೂಡದು. ಎಣಿಸಿದ್ದಕ್ಕೆ ಕಣ್ಣು ಬೀಳುತ್ತದೆ, ಅಳೆದದ್ದು ಕರಗುತ್ತದೆ ಎಂಬುದು ಹಿರಿಯರ ಭಯ. ಮೇವಿನ ಗುಡ್ಡವನ್ನಂತೂ ಯಾರೂ ಯಾವತ್ತೂ ಅಳೆದಿರಲಿಲ್ಲ. ಅದು ಎಲ್ಲರದು, ಹಾಗಾಗಿ ಎಷ್ಟು ಎಂದು ಕೇಳುವ ಪ್ರಮೇಯವೇ ಬಂದಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಕಾಫಿಗೆ ಮತ್ತೆ ಬೆಲೆ ಬಂದಿದ್ದ ಕಾಲ. ಗುಡ್ಡಗಳನ್ನು ಅಳೆದು ನಕ್ಷೆ ಮಾಡಲು ಚಿಕ್ಕಮಗಳೂರಿನಿಂದ ಗಂಗಾಧರಪ್ಪ ಎಂಬ ಮೋಜಣಿದಾರರು ಬಂದರು. ಪೇಟೆಯ ಅಂಗಡಿ ಮನೆತನದವರು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಸದಾ ಸುರುಳಿ ಸುತ್ತಿದ ಕಾಗದ. ಅವರ ಜೊತೆ ಬಂದಿದ್ದ ಬಯಲುಸೀಮೆಯ ಆಳು ರಕ್ತ ಹೀರುವ ಇಂಬಳಕ್ಕೂ ಚಳಿಜ್ವರಕ್ಕೂ ಹೆದರಿ ಓಡಿಹೋದ. ನೆಲ ಅಳೆಯುವ ಸರಪಳಿಯ ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಬೆಳ್ಳಿಯಪ್ಪನಿಗೆ ಆಗಷ್ಟೇ ಮದುವೆಯಾಗಿತ್ತು. ಉದ್ದ ಕಾಲಿನವನು, ಇಳಿಜಾರಿನಲ್ಲಿ ಮೇಕೆಯ ಹಾಗೆ ನಡೆಯುವವನು. ಹೋದ.

ತಾಯಿ ಬೇಡವೆಂದಳು. “ನೆಲಕ್ಕೆ ಸರಪಳಿ ಹಾಕೋ ಕೆಲ್ಸ ಒಳ್ಳೇದಲ್ಲ ಕಣಪ್ಪ. ದನಕ್ಕೆ ಹಗ್ಗ ಹಾಕ್ದಂಗೆ ಅದು” ಎಂದಳು.

ಆದರೆ ಆ ಕೆಲಸ ಬೆಳ್ಳಿಯಪ್ಪನನ್ನು ಹಿಡಿದುಬಿಟ್ಟಿತು. ಗಂಗಾಧರಪ್ಪನವರಿಗೆ ಲೆಕ್ಕವೆಂದರೆ ಪೂಜೆಯಷ್ಟೇ ಪ್ರೀತಿ. ಊಟದ ಹೊತ್ತಿನಲ್ಲಿ ಮರದಡಿ ಕೂತು ಆಳುಗಳಿಗೆ ಅದನ್ನೇ ಹೇಳುವರು. ಒಂದು ದಿನ ಹಗ್ಗಕ್ಕೆ ಸಮನಾಗಿ ಗಂಟು ಹಾಕಿಸಿ, ಮೂರು ಪಾಲು ಒಂದು ಕಡೆಗೆ, ನಾಲ್ಕು ಪಾಲು ಇನ್ನೊಂದು ಕಡೆಗೆ, ಐದು ಪಾಲು ಓರೆಯಾಗಿ ಎಳೆದು ಹಿಡಿಯಲು ಹೇಳಿದರು. ಮೂರಕ್ಕೂ ನಾಲ್ಕಕ್ಕೂ ನಡುವೆ ಮೂಲೆ ತಾನಾಗಿಯೇ ನೆಟ್ಟಗೆ ನಿಂತಿತು.

“ಇದನ್ನ ನಾನು ಕಂಡುಹಿಡಿದದ್ದಲ್ಲ ಬೆಳ್ಳಿಯಪ್ಪ. ಈಜಿಪ್ಟ್ ಅಂತ ಒಂದು ದೇಶ ಇದೆ. ಅಲ್ಲಿ ವರ್ಷಾ ವರ್ಷಾ ಹೊಳೆ ಬಂದು ಹೊಲದ ಬದುವೆಲ್ಲ ಅಳಿಸಿಹೋಗೋದಂತೆ. ನೀರಿಳಿದ ಮೇಲೆ ಹಗ್ಗ ಹಿಡಿಯೋರು ಬಂದು ಯಾರ ಹೊಲ ಎಲ್ಲಿ ಅಂತ ಮತ್ತೆ ಹೇಳಬೇಕು. ನಮ್ಮಲ್ಲೂ ಯಜ್ಞದ ವೇದಿ ಕಟ್ಟೋರು ಹಗ್ಗದಲ್ಲೇ ಮೂಲೆ ಹಿಡೀತಿದ್ದರು. ಮನುಷ್ಯ ಕಾಡು ಬಿಟ್ಟು ಊರು ಕಟ್ಟಿದ್ದು, ಕೆರೆ ಕಟ್ಟಿದ್ದು, ಗುಡಿ ಕಟ್ಟಿದ್ದು, ಎಲ್ಲ ಈ ಹಗ್ಗದಿಂದಲೇ. ನಿನ್ನ ಕೆಲಸ ಸಾವಿರಾರು ವರ್ಷದ್ದು.”

ಬೇಲೂರಿನ ಕಡೆ ಅಳತೆಗೆ ಹೋದಾಗ ಅವನನ್ನು ಗುಡಿಗೆ ಕರೆದೊಯ್ದರು. ಎಲ್ಲರೂ ಗೋಡೆಯ ಮೇಲಿನ ಬೊಂಬೆಗಳನ್ನು ನೋಡುತ್ತಿದ್ದರೆ ಇವರು ಅವನಿಗೆ ಜಗಲಿಯ ಅಂಚನ್ನು ತೋರಿಸಿದರು. ಒಂದು ಚೌಕ ಬರೆದು, ನಡುವೆ ಗೂಟ ನೆಟ್ಟು, ಅದೇ ಚೌಕವನ್ನು ಚೂರು ಚೂರೇ ತಿರುಗಿಸುತ್ತ ಹೋದರೆ ಮೂಲೆಗಳೆಲ್ಲ ಸೇರಿ ನಕ್ಷತ್ರವಾಗುತ್ತದೆಂದು ಮರಳಿನಲ್ಲಿ ಬರೆದು ತೋರಿಸಿದರು. ಬೆಳ್ಳಿಯಪ್ಪ ಅಂಚಿನಗುಂಟ ಬೆರಳಾಡಿಸುತ್ತ ಒಂದು ಸುತ್ತು ಬಂದನಂತೆ. ದೇವರನ್ನು ನೋಡುವುದೇ ಮರೆತುಹೋಯಿತೆಂದು ಹೆಂಡತಿ ಗಿಡ್ಡಮ್ಮನ ಮುಂದೆ ಹೇಳಿಕೊಂಡಿದ್ದ.

ಊರಿಗೆ ಬಂದವನು ತನ್ನ ಗುಡಿಸಲನ್ನು ಬಿಚ್ಚಿ, ಹಗ್ಗ ಹಿಡಿದು, ಮೂಲೆ ನೋಡಿ ಕಟ್ಟಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕರೆದರು. ಹಟ್ಟಿ ಕಟ್ಟುವಾಗ, ಕಣ ಹಾಕುವಾಗ ಅವನೇ ಬರಬೇಕು. ಅವನ ಸೋದರಮಾವ ದಾಸಯ್ಯ ಊರಿನ ಯಜಮಾನ, ಗಿಡ್ಡಮ್ಮನ ತಂದೆಯೂ ಹೌದು. “ನಮ್ಮ ಅಳಿಯ ಸರಪಳಿ ಬೆಳ್ಳಿಯಪ್ಪ” ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆ ಗಂಡ ಹೆಂಡಿರ ಬಾಳಿನಲ್ಲಿ ಒಳ್ಳೆಯ ದಿನಗಳೆಂದರೆ ಅಷ್ಟೇ.

ಮೊದಲ ಮಗು ಗಂಡು. ಅಜ್ಜನ ಹೆಸರು ತಮ್ಮಯ್ಯ ಎಂದೇ ಇಟ್ಟರು. ನಡೆಯಲು ಕಲಿತ ವರ್ಷ ಆಷಾಢದ ಮಳೆಯಲ್ಲಿ ಮಗುವಿಗೆ ಜ್ವರ ನೆತ್ತಿಗೇರಿತು. ಬೆಳ್ಳಿಯಪ್ಪ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆಂದು ಕಾಲುದಾರಿಯಲ್ಲಿ ಇಳಿದ. ಕೆಳಗಿನ ಹಳ್ಳ ತುಂಬಿ ಹರಿಯುತ್ತಿತ್ತು. ದಾಟಲು ಮೂರು ಕಡೆ ನೋಡಿದ, ಆಗಲಿಲ್ಲ. ಹಳ್ಳ ಇಳಿಯಲೆಂದು ಬಂಡೆಯ ಮರೆಯಲ್ಲಿ ಕಾದ. ಕಾಯುತ್ತಿದ್ದಾಗಲೇ ಮಗು ಹೆಗಲ ಮೇಲೆ ತಣ್ಣಗಾಯಿತು. ಊರ ಮೇಲಿನ ಮಸಣದಲ್ಲಿ, ಅಜ್ಜನ ಗುಂಡಿಯ ಪಕ್ಕ ಹೂತರು.

ಮಳೆಗಾಲ ಕಳೆದು ಕೆಲಸಕ್ಕೆ ಹೋದಾಗ ಗಂಗಾಧರಪ್ಪನವರು ಸಮಾಧಾನ ಹೇಳಲು ಬಂದರೆ, ಅವನು ಹೇಳಿದ್ದು ಒಂದೇ ಮಾತು. “ಒಂದು ದಾರಿ ಇದ್ದಿದ್ರೆ, ಅಯ್ಯ.”

ಅದಾಗಿ ಎರಡು ವರ್ಷಕ್ಕೆ ದಾರಿ ಬಂತು. ಗುಡ್ಡದಾಚೆಯ ತೋಟಗಳಿಂದ ಕಾಫಿ ಇಳಿಸಲು ಗಾಡಿ ರಸ್ತೆ ಆಗಬೇಕೆಂದು ಹುಕುಂ ಆಯಿತು, ಗೆರೆ ಹಾಕುವ ಕೆಲಸ ಗಂಗಾಧರಪ್ಪನವರಿಗೇ ಬಂತು. ಬೆಳ್ಳಿಯಪ್ಪನ ಸಂತೋಷಕ್ಕೆ ಮೇರೆಯಿಲ್ಲ. ಹೆಂಡತಿಗೆ, “ನಮ್ಮೂರ ಮ್ಯಾಲೇ ಬರ್ತದೆ ಕಣೆ ದಾರಿ. ಗಾಡೀಲಿ ಕೂತ್ಕಂಡು ಚಿಕ್ಕಮಗಳೂರಿಗೆ ಹೋಗ್ಬೋದು” ಎಂದ. ಗಿಡ್ಡಮ್ಮ ಒಲೆ ಊದುತ್ತಲೇ ಇದ್ದಳು.

ಗುಡ್ಡದಲ್ಲಿ ರಸ್ತೆಯ ಗೆರೆ ಹಾಕುವುದು ಹೀಗೆ. ಹೇರು ತುಂಬಿದ ಎತ್ತಿನ ಗಾಡಿ ಹತ್ತಬೇಕಾದರೆ ಇಪ್ಪತ್ತು ಅಡಿ ನಡೆದಾಗ ಒಂದು ಅಡಿಗಿಂತ ಹೆಚ್ಚು ಏರಬಾರದು. ಮೋಜಣಿದಾರರು ಕೋಲಿಗೆ ತೂಗುಬಿಟ್ಟ ಹಿತ್ತಾಳೆಯ ಕೊಳವೆಯನ್ನು ಅಷ್ಟೇ ಏರಿಗೆ ಹೊಂದಿಸಿ ಅದರೊಳಗಿನಿಂದ ನೋಡುತ್ತಾರೆ. ಮುಂದೆ ಒಬ್ಬ ಹಲಗೆ ಕಟ್ಟಿದ ಕೋಲು ಹಿಡಿದು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯುತ್ತಾನೆ. ಹಲಗೆ ಕೊಳವೆಯ ಕಣ್ಣಿಗೆ ಬಿದ್ದ ಕಡೆ ಗೂಟ. ಗೂಟದಿಂದ ಗೂಟಕ್ಕೆ ರಸ್ತೆ. ಮುಂದೆ ಕೋಲು ಹಿಡಿದವನು ಬೆಳ್ಳಿಯಪ್ಪ.

ಗೆರೆ ಊರಿನ ಹತ್ತಿರ ಬಂದ ದಿನ ಅವನಿಗೆ ಗೊತ್ತಾಗಿಹೋಯಿತು. ಇದೇ ಏರಿನಲ್ಲಿ ಹೋದರೆ ನಾಳೆಯ ಗೂಟ ಮಸಣದ ಒಳಗೇ ಬೀಳುತ್ತದೆ. ಸಂಜೆ ಊರಿಗೆ ಬಂದಾಗ ದಾಸಯ್ಯ ಕಣದಲ್ಲಿ ಕಾಯುತ್ತಿದ್ದ. ಅವನೂ ಗೂಟಗಳ ಸಾಲು ಹಿಡಿದು ಕಣ್ಣು ಹಾಯಿಸಿದ್ದ.

“ಬೆಳ್ಳಿ, ನಿಂಗೆ ಕಾಣ್ತದಾ ಅದು ಎಲ್ಲಿಗೆ ಹೊಂಟದೆ ಅಂತ?”

“ಕಾಣ್ತದೆ ಮಾವ.”

“ನಿಮ್ಮಪ್ಪ ಅಲ್ಲೇ ಅವ್ನೆ. ನಿನ್ನ ಕೂಸು ಅಲ್ಲೇ ಅದೆ. ಕೋಲು ಹಿಡ್ಯೋನು ನೀನೇ ಅಲ್ವಾ ಮಾರಾಯ? ಒಂದೆರಡು ಮಾರು ಕೆಳಗೆ ಹಿಡುದ್ರೆ ಸರ್ಕಾರದ ಗಂಟೇನು ಹೋಗ್ತದೆ?”

ಮರುದಿನ ಬೆಳ್ಳಿಯಪ್ಪ ಕೋಲನ್ನು ನೆಲದ ಮೇಲೆ ಊರದೆ ತನ್ನ ಪಾದದ ಮೇಲೆ ಇಟ್ಟುಕೊಂಡ. ಹುಲ್ಲು ಎತ್ತರವಿದ್ದುದರಿಂದ ಹಿಂದಿನವರಿಗೆ ಕಾಲು ಕಾಣುತ್ತಿರಲಿಲ್ಲ. ಹಲಗೆ ಅಷ್ಟು ಮೇಲಕ್ಕೆ ಹೋಯಿತು, ಅದನ್ನು ಕೊಳವೆಯ ಕಣ್ಣಿಗೆ ತರಲು ಅವನು ಕೆಳಗೆ ಸರಿಯಬೇಕಾಯಿತು, ಗೂಟ ಅಷ್ಟು ಕೆಳಗೆ ಬಿತ್ತು. ಪ್ರತಿ ಗೂಟಕ್ಕೂ ಹಾಗೇ ಮಾಡಿದ. ಗೆರೆ ಮಸಣವನ್ನು ಮುಟ್ಟದೆ ಅದರ ಕೆಳಗಿನಿಂದ ಹಾದುಹೋಯಿತು. ಅವತ್ತು ದಾಸಯ್ಯ ಅವನ ಬೆನ್ನು ಸವರಿ ಮಗಳ ಕೈಯಲ್ಲಿ ಕೋಳಿ ಕುಯ್ಯಿಸಿದ.

ರಸ್ತೆ ಗುಡ್ಡ ದಾಟಬೇಕಾದದ್ದು ಎರಡು ತಲೆಗಳ ನಡುವಿನ ಒಂದು ತಗ್ಗಿನಲ್ಲಿ. ಬೇರೆ ಎಲ್ಲೂ ದಾಟಲು ಜಾಗವಿಲ್ಲ. ಗಂಗಾಧರಪ್ಪನವರು ಪದ್ಧತಿಯಂತೆ ಆ ತಗ್ಗಿನಿಂದ ಕೆಳಮುಖವಾಗಿ ಇನ್ನೊಂದು ಗೆರೆ ಹಾಕಿಸುತ್ತ ಬಂದರು. ಆ ದಿನಗಳಲ್ಲಿ ಕೋಲು ಹಿಡಿದದ್ದು ಬೇರೆ ಆಳು, ಬೆಳ್ಳಿಯಪ್ಪ ಕಾಡು ಸವರುವ ಕೆಲಸದಲ್ಲಿದ್ದ. ಮೇಲಿನಿಂದ ಇಳಿದ ಗೆರೆಯೂ ಕೆಳಗಿನಿಂದ ಏರಿದ ಗೆರೆಯೂ ಒಂದಾಗಬೇಕಿತ್ತು. ಆಗಲಿಲ್ಲ. ಒಂದು ಮಸಣದ ನಡುವೆ ಬಂತು, ಒಂದು ಅದರ ಕೆಳಗೆ ನಿಂತಿತು.

ಅವರು ಎಲ್ಲರನ್ನೂ ಊಟಕ್ಕೆ ಕಳಿಸಿ ಬೆಳ್ಳಿಯಪ್ಪನನ್ನು ಮಾತ್ರ ನಿಲ್ಲಿಸಿಕೊಂಡರು.

“ಕೋಲು ಎಲ್ಲಿಟ್ಟಿದ್ದೆ?”

“ಕಾಲ ಮ್ಯಾಲೆ, ಅಯ್ಯ.”

ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದ. ಅವರು ಬಂಡೆಯ ಮೇಲೆ ಕೂತರು.

“ಅಲ್ಲಿ ಯಾರಿದ್ದಾರೆ?” ಎಂದು ಕೇಳಿದರು.

“ಅಪ್ಪ. ಮಗ.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಲೆಕ್ಕ ಬದಲಾಗ್ತಿತ್ತಾ ಅಯ್ಯ?”

ಗಂಗಾಧರಪ್ಪನವರು ಅಷ್ಟಕ್ಕೇ ಬಿಡಲಿಲ್ಲ. ಒಂದು ವಾರ ಇಬ್ಬರೂ ಸೇರಿ ಬೇರೆ ದಾರಿ ಹುಡುಕಿದರು. ಮಸಣದ ಕೆಳಗಿನಿಂದ ಹೋದರೆ ಮುಂದೆ ಕಡಿದಾದ ಬಂಡೆ. ಅಲ್ಲಿ ಗಾಡಿ ಹತ್ತಲಾರದಷ್ಟು ಏರು. ಮೇಲಿನಿಂದ ಹೋದರೆ ನೀರು ಜಿನುಗುವ ಮಣ್ಣು, ಮೊದಲ ಮಳೆಗೇ ಕುಸಿಯುವಂಥದು. ತಿರುವು ಹಾಕಲು ಜಾಗವಿಲ್ಲ. ಗಂಗಾಧರಪ್ಪನವರು ಮೇಲಿನವರಿಗೆ ಬರೆದು ನೋಡಿದರು. ಇಷ್ಟು ಜನರ ಅನುಕೂಲದ ಮುಂದೆ ಕೆಲವು ಗುಂಡಿಗಳು ದೊಡ್ಡದಲ್ಲ ಎಂಬ ಉತ್ತರ ಬಂತು. ಅದೂ ಒಂದು ಲೆಕ್ಕವೇ. ಈ ಕಡೆ ಇಷ್ಟು, ಆ ಕಡೆ ಅಷ್ಟು, ಯಾವುದು ಹೆಚ್ಚು ನೋಡಿ ಎನ್ನುವ ಲೆಕ್ಕ. ನಾಗರಿಕತೆ ಎಂದು ನಾವು ಹೇಳಿಕೊಳ್ಳುವುದರಲ್ಲಿ ಬಹುಪಾಲು ಆ ಲೆಕ್ಕದ ಮೇಲೇ ನಿಂತಿದೆ ಎಂದು ನನಗೆ ಅನಿಸುತ್ತದೆ. ಕಡಿಮೆ ಇರುವ ಕಡೆ ನಿಂತವರಿಗೆ ಮಾತ್ರ ಅದು ಬೇರೆ ಥರ ಕಾಣುತ್ತದೆ.

ರಸ್ತೆಯ ಕೆಲಸದವರು ಗುದ್ದಲಿ ಹಾಕುವ ಹಿಂದಿನ ದಿನ ಊರಿನವರು ಎಲುಬು ಎತ್ತಿದರು. ಎಲ್ಲರೂ ತಮ್ಮ ತಮ್ಮವರನ್ನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡರು. ಬೆಳ್ಳಿಯಪ್ಪ ಅಪ್ಪನದನ್ನು ಎತ್ತಿದ. ಮಗುವಿನ ಗುಂಡಿಯಲ್ಲಿ ಎಷ್ಟು ಕೆದಕಿದರೂ ಕಂಬಳಿಯ ಎಳೆ ಬಿಟ್ಟು ಏನೂ ಸಿಗಲಿಲ್ಲ. ಅಷ್ಟು ಎಳೆಯ ಎಲುಬು ಆ ಮಣ್ಣಿನಲ್ಲಿ ಉಳಿಯುವುದಿಲ್ಲ. ಗಿಡ್ಡಮ್ಮ ಒಂದು ಹಿಡಿ ಮಣ್ಣು ಕಟ್ಟಿಕೊಂಡಳು. ದಾಸಯ್ಯ ಮಾತ್ರ ತನ್ನ ಹೆಂಡತಿಯ ಗುಂಡಿ ಅಗೆಯಲು ಒಪ್ಪಲಿಲ್ಲ. “ನಾನು ಅವಳನ್ನ ಒಂದ್ಸಲ ಮಲಗ್ಸಿದೀನಿ. ಎರಡ್ನೇ ಸಲ ಎಬ್ಸಲ್ಲ” ಎಂದು ಮನೆಯಲ್ಲೇ ಕೂತ. ಅವಳ ಮೇಲೆ ಜಲ್ಲಿ ಬಿತ್ತು.

ಅಂದಿನಿಂದ ಅವನು ಅಳಿಯನ ಮನೆಯಲ್ಲಿ ನೀರು ಮುಟ್ಟಲಿಲ್ಲ. ಊರಿನವರೂ ಬೆಳ್ಳಿಯಪ್ಪನನ್ನು ಕರೆಯುವುದು ಬಿಟ್ಟರು. ಕೋಲನ್ನು ಕಾಲ ಮೇಲೆ ಇಟ್ಟಿದ್ದ ಸಂಗತಿ ಅವರಿಗೆ ಗೊತ್ತಿತ್ತು. ಆದರೆ ಅವನು ಸಿಕ್ಕಿಬಿದ್ದು ಗೆರೆ ಮತ್ತೆ ಮಸಣಕ್ಕೇ ಬಂದ ಮೇಲೆ ಅದು ಅವರ ಲೆಕ್ಕಕ್ಕೆ ಬರಲಿಲ್ಲ. ಅತ್ತ ಸರ್ಕಾರದವನಾಗಿ ಉಳಿಯಲಿಲ್ಲ, ಇತ್ತ ಊರಿನವನಾಗಿಯೂ ಉಳಿಯಲಿಲ್ಲ.

ರಸ್ತೆಯಲ್ಲಿ ಗಾಡಿಗಳು ಓಡಾಡತೊಡಗಿದವು. ಕಾಫಿ ಇಳಿಯಿತು, ಉಪ್ಪು, ಅಕ್ಕಿ, ಬಟ್ಟೆ ಏರಿದವು. ಮರುವರ್ಷ ಮಳೆಗಾಲದಲ್ಲಿ ಗಿಡ್ಡಮ್ಮನಿಗೆ ಹೆರಿಗೆ ನೋವು ಬಂದು ಎರಡು ದಿನವಾದರೂ ಮಗು ಇಳಿಯಲಿಲ್ಲ. ಬೆಳ್ಳಿಯಪ್ಪ ಕಾಫಿ ಗಾಡಿಯೊಂದನ್ನು ಅಡ್ಡಗಟ್ಟಿ, ಮೂಟೆ ಕೆಳಗಿಳಿಸಿ, ಹೆಂಡತಿಯನ್ನು ಮಲಗಿಸಿಕೊಂಡು ಹೊರಟ. ಕೆಳಗಿನ ಹಳ್ಳ ಅವತ್ತೂ ತುಂಬಿ ಹರಿಯುತ್ತಿತ್ತು. ಗಾಡಿ ಹೊಸ ಸೇತುವೆಯ ಮೇಲೆ ಹಾದುಹೋಯಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಸಿದ್ದಮ್ಮ ಹುಟ್ಟಿದಳು. ತಾಯಿಯೂ ಉಳಿದಳು.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಅದೇ ದಾರಿಯಲ್ಲಿ ಹಿಂತಿರುಗುವಾಗ, ಮಸಣವಿದ್ದ ಜಾಗ ಬಂದಾಗ ಗಿಡ್ಡಮ್ಮ ಗಾಡಿ ನಿಲ್ಲಿಸಲು ಹೇಳಿದಳು. ಇಳಿಯಲಿಲ್ಲ, ಕೂತಲ್ಲಿಂದಲೇ ನೋಡಿದಳು.

“ಈ ದಾರಿ ಮೊದ್ಲೇ ಇದ್ದಿದ್ರೆ ಅವ್ನು ಉಳೀತಿದ್ದ. ಅವ್ನು ಸತ್ತು ಜಾಗ ಬಿಟ್ಟ ಮ್ಯಾಲೆ ಬಂತು ದಾರಿ” ಎಂದಳು.

ಬೆಳ್ಳಿಯಪ್ಪ ಎತ್ತಿನ ಬಾಲ ನೋಡುತ್ತ ಕೂತಿದ್ದ.

ಕೆಟ್ಟದ್ದು ಅಲ್ಲಿಗೂ ಮುಗಿಯಲಿಲ್ಲ. ದಾರಿ ಬಂದ ಮೇಲೆ ಮೇವಿನ ಗುಡ್ಡಕ್ಕೆ ಬೆಲೆ ಬಂತು. ಗಾಡಿ ಹೋಗದ ಗುಡ್ಡ ಯಾರಿಗೂ ಬೇಕಿರಲಿಲ್ಲ, ಗಾಡಿ ಹೋಗುವ ಗುಡ್ಡ ಕಾಫಿ ತೋಟವಾಗಬಹುದು. ತೋಟದ ದೊರೆಯೊಬ್ಬ ಅದನ್ನು ಕೇಳಿದ. ಅಳತೆಗೆ ಮತ್ತೆ ಗಂಗಾಧರಪ್ಪನವರೇ ಬಂದರು, ಸರಪಳಿಯ ತುದಿ ಹಿಡಿಯಲು ಮತ್ತೆ ಬೆಳ್ಳಿಯಪ್ಪ. ಬೇರೆಯವರು ಹಿಡಿಯುವುದಕ್ಕಿಂತ ತಾನೇ ಹಿಡಿದರೆ ಊರಿನ ಹೊಲಗಳನ್ನು ಹೊರಗೆ ಬಿಡಿಸಬಹುದು ಎಂಬ ಆಸೆ ಅವನಿಗೆ. ಗಡಿ ಗುರುತಿನ ಬಾಂದುಕಲ್ಲು ನೆಟ್ಟು ಮುಗಿದ ಮೇಲೆ ಗಂಗಾಧರಪ್ಪನವರು ನಕ್ಷೆ ಬಿಚ್ಚಿ ಹರಡಿದರು. ಬೆಳ್ಳಿಯಪ್ಪನಿಗೆ ನಕ್ಷೆ ಓದಲು ಬರುತ್ತಿತ್ತು. ಹಳ್ಳ ಇತ್ತು, ಬಂಡೆ ಇತ್ತು, ರಸ್ತೆ ಇತ್ತು, ಒಂಟಿ ನಂದಿಮರವೂ ಇತ್ತು. ಊರಿದ್ದ ಕಡೆ ಬಿಳಿ ಕಾಗದ.

“ನಾವೆಲ್ಲಿ, ಅಯ್ಯ?”

“ನಿಮ್ಮ ಹೊಲಕ್ಕೆ ಕಂದಾಯ ಕಟ್ಟಿದ ದಾಖಲೆ ಒಂದೂ ಇಲ್ಲ ಬೆಳ್ಳಿಯಪ್ಪ. ಕೊಳಗದ ಲೆಕ್ಕದ ಹೊಲಾನ ಎಕರೆ ಗುಂಟೆಗೆ ತರೋದಕ್ಕೆ ಏನಾದರೂ ಒಂದು ಆಧಾರ ಬೇಕು. ನಾನು ಅಮಲ್ದಾರರ ಹತ್ತಿರ ಎರಡು ಸಲ ಹೋಗಿ ಬಂದೆ. ಆಗಲಿಲ್ಲ.”

“ಮರಕ್ಕೆ ಗುರ್ತು ಹಾಕಿದೀರಿ.”

“ಮರ ಗುರುತಿಗೆ ಬೇಕು” ಎಂದರು ಗಂಗಾಧರಪ್ಪ. ಹೇಳಿದ ಮೇಲೆ ಆ ಮಾತು ಅವರಿಗೇ ಕಹಿಯಾಗಿರಬೇಕು. ನಕ್ಷೆಯನ್ನು ಬೇಗ ಸುತ್ತಿಬಿಟ್ಟರು.

ಬೆಳ್ಳಿಯಪ್ಪ ಸರಪಳಿಯನ್ನು ಮಡಚಿ, ಎಂದಿನಂತೆ ಎಣ್ಣೆ ಬಟ್ಟೆಯಿಂದ ಒರೆಸಿ, ಅವರ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿ ನಡೆದುಬಿಟ್ಟ. ಮತ್ತೆ ಅದನ್ನು ಮುಟ್ಟಲಿಲ್ಲ.

ಊರೂ ಹೊಲವೂ ತೋಟದ ಗಡಿಯೊಳಗೆ ಸೇರಿಹೋದವು, ಆದರೆ ಊರಿನವರನ್ನು ಯಾರೂ ಹೊಡೆದು ಓಡಿಸಲಿಲ್ಲ. ತೋಟದವರು ಕೂಲಿಯವರಿಗೆಂದು ಒಂದೇ ಸಾಲಿನ ಲೈನು ಮನೆ ಕಟ್ಟಿಕೊಟ್ಟರು, ಕೆಲಸ ಕೊಟ್ಟರು. ಮೊದಲು ದನ ಹೋದವು, ಆಮೇಲೆ ರಾಗಿ ಹೊಲ. ಮೇಸ್ತ್ರಿ ಬೆಳಿಗ್ಗೆ ಹೆಸರು ಕೂಗಿ ಎಣಿಸುವಾಗ ದಾಸಯ್ಯ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ತಲೆ ಬಗ್ಗಿಸುತ್ತಿದ್ದ. ರಸ್ತೆಯ ಮೇಲೆ ಅವನು ಸಾಯುವ ತನಕ ಕಾಲಿಡಲಿಲ್ಲ. ಗೊಬ್ಬರದ ಹೊರೆ ಹೊತ್ತು ಗಿಡಗಳ ನಡುವೆಯೇ ಏರುತ್ತಿದ್ದ. ಒಂದು ದಿನ ಹಾಗೆ ಏರುತ್ತಿದ್ದಾಗ ಕುಸಿದು ಬಿದ್ದ. ಅಳಿಯನೇ ಓಡಿಬಂದು ಎತ್ತಿದ.

“ಗಾಡಿ ತರ್ತೀನಿ ಮಾವ, ಆಸ್ಪತ್ರೆಗೆ ಹೋಗಾನ.”

“ಬ್ಯಾಡ. ಅವಳ ಮ್ಯಾಲೆ ಚಕ್ರ ಹತ್ಸ್ಕಂಡು ನಾನೇನು ಬದುಕ್ಬೇಕಾಗಿಲ್ಲ.” ಸ್ವಲ್ಪ ಹೊತ್ತಿನ ಮೇಲೆ, “ನೀರು ಕೊಡು” ಎಂದ. ಅಷ್ಟು ವರ್ಷಗಳ ಮೇಲೆ ಬೆಳ್ಳಿಯಪ್ಪನ ಕೈಯಿಂದ ಅವನು ಕುಡಿದ ನೀರು ಅದೊಂದೇ.

ಬೆಳ್ಳಿಯಪ್ಪ ತೋಟದ ಕಣದಲ್ಲಿ ಕಾಫಿ ಒಣಗಿಸುವ ಕೆಲಸಕ್ಕಿದ್ದ. ಬರಬರುತ್ತ ಮಾತು ಕಡಿಮೆ ಮಾಡಿದ. ತೋಟದ ಲೆಕ್ಕ ಬರೆಯುವ ರೈಟರು ಒಮ್ಮೆ, ಹೊಸ ಲೈನು ಮನೆಗೆ ಪಾಯ ಗುರುತು ಮಾಡಿಕೊಡು, ನಿನಗೆ ಬರುತ್ತದಂತಲ್ಲ ಎಂದಾಗ, ಮರೆತುಹೋಗಿದೆ ಸ್ವಾಮಿ ಎಂದುಬಿಟ್ಟ. ಮಗಳು ಸಿದ್ದಮ್ಮ ನೆಲದಲ್ಲಿ ಗೆರೆ ಎಳೆದು ಆಡುತ್ತಿದ್ದರೆ ನೋಡುತ್ತ ನಿಲ್ಲುತ್ತಿದ್ದ, ಒಂದು ಮಾತೂ ಹೇಳಿಕೊಡುತ್ತಿರಲಿಲ್ಲ. ಮರದಡಿ ಕೂತು ಕೇಳಿದ್ದ ಹಗ್ಗ ಹಿಡಿಯುವವರ ಕತೆಯನ್ನು ಅವಳಿಗೆ ಹೇಳಿದ್ದು ಗಿಡ್ಡಮ್ಮ.

ಎರಡನೆಯ ಯುದ್ಧ ಶುರುವಾಗಿತ್ತು. ಚಳಿಜ್ವರದ ಮದ್ದು ಕ್ವಿನೈನ್ ಸಿಗದ ಕಾಲ. ಲೈನುಗಳಲ್ಲಿ ಮನೆಗೊಬ್ಬರು ಇಬ್ಬರು ಜ್ವರದಲ್ಲಿ ನಡುಗುತ್ತ ಮಲಗಿದ್ದರು. ಬೆಳ್ಳಿಯಪ್ಪನೂ ಮಲಗಿದ. ಒಂದು ಮಧ್ಯಾಹ್ನ, ಪೆನ್ಷನ್ ಆಗಿ ಮನೆಯಲ್ಲಿದ್ದ ಗಂಗಾಧರಪ್ಪನವರು ಯಾರಿಂದಲೋ ಕೇಳಿ ಬಸ್ಸಿನಲ್ಲಿ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿತ್ತಳೆ ಹಣ್ಣು ತಂದಿದ್ದರು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಗಿಡ್ಡಮ್ಮ ಹಾಸಿದ ಚಾಪೆಯ ಮೇಲೆ ಕೂತರು. ಸಿದ್ದಮ್ಮ ಅಲ್ಲೇ ಇದ್ದಳು. ಆ ಮಾತುಗಳು ಅವಳಿಗೆ ಚೆನ್ನಾಗಿ ನೆನಪಿವೆ.

ಬಹಳ ಹೊತ್ತು ಮಳೆ ಬೆಳೆಯ ವಿಚಾರ ಮಾತಾಡಿದರು. ಆಮೇಲೆ ಅವರು ಹೇಳಿದರು: “ಆ ಗೆರೆಯನ್ನು ನಾನು ಮನೇಲಿ ಕೂತು ಎಷ್ಟೋ ಸಲ ಮತ್ತೆ ಹಾಕಿ ನೋಡಿದ್ದೀನಿ ಬೆಳ್ಳಿಯಪ್ಪ. ಎಲ್ಲಾದರೂ ತಪ್ಪು ಮಾಡಿದ್ದೆನೋ ಅಂತ.”

“ಸಿಕ್ತಾ ಅಯ್ಯ?”

“ಇಲ್ಲ.”

“ನಾನೂ ನೋಡಿದೀನಿ” ಎಂದ ಬೆಳ್ಳಿಯಪ್ಪ. “ಲೆಕ್ಕ ಸರಿಯಾಗೇ ಇತ್ತು.”

ಸಂಜೆಯ ಬಸ್ಸಿನ ಹೊತ್ತಾಯಿತೆಂದು ಗಂಗಾಧರಪ್ಪನವರು ಎದ್ದರು. ಗಿಡ್ಡಮ್ಮ ರಸ್ತೆಯ ತನಕ ಹೋಗಿ ಬಸ್ಸು ಹತ್ತಿಸಿ ಬಂದಳು.

ಬೆಳ್ಳಿಯಪ್ಪ ಆ ತಿಂಗಳು ಕಳೆಯಲಿಲ್ಲ. ದುಡಿಯುವ ಗಂಡಸಿಲ್ಲದ ಮನೆಗೆ ಲೈನಿನಲ್ಲಿ ಜಾಗವಿರಲಿಲ್ಲ. ಗಿಡ್ಡಮ್ಮ ಮಗಳನ್ನು ಕರೆದುಕೊಂಡು ಕಳಸದ ದಾರಿ ಹಿಡಿದಳು. ಹೊರನಾಡಿನಲ್ಲಿ ಗುಡಿಯ ಅಂಗಳ ಗುಡಿಸುವ, ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಅಲ್ಲಿ ಎರಡು ಹೊತ್ತು ಊಟಕ್ಕೆ ತೊಂದರೆಯಿರಲಿಲ್ಲ. ಊರು ಯಾವುದೆಂದು ಯಾರಾದರೂ ಕೇಳಿದರೆ ಅವಳು ಮಲ್ಲಂದೂರು ಎನ್ನುತ್ತಿದ್ದಳು. ಬಿದರುಕಾನು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ.